ಐದನೇ ನಂಬರಿನ ಬಾಗಿಲು

“ಬಂದ್ ಆದ ಬಾಗಲಾ ಹಿಂಗ ಮಾತಾಡೂದಿಲ್ಲ,” ಅಂದಳು ತಬಸ್ಸುಮ.

ಅವಳ ಕೈಯಲ್ಲಿದ್ದದ್ದು ನರಗುಂದದಿಂದ ಜಬೀನ ಕಳಿಸಿದ ಫೋಟೋ, ಮೊಬೈಲ್ ಪರದೆಯದು. ಅದರಲ್ಲಿ ಇಂಗ್ಲಿಷಿನ ಒಂದೇ ಸಾಲು. ಕನ್ನಡಕ್ಕೆ ತಂದರೆ ಇಷ್ಟೇ: ‘ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ.’

“ನಾಲ್ಕ್ ದಿನದಿಂದ ಇದನ್ನಽ ನೋಡಾಕತ್ತೀವಿ. ಇದರಾಗ ಹೊಸಾದೇನೈತಿ?” ಅಂದೆ.

“ನೋಡಾಕತ್ತೀವಿ ಪರಶು. ಓದಾಕತ್ತಿಲ್ಲ.”

ಗಜೇಂದ್ರಗಡದ ನೇಕಾರರ ಓಣಿ, ಮುತ್ತುವಿನ ಮನೆಯ ಪಡಸಾಲೆ, ಬೆಳಗಿನ ಹತ್ತೂವರೆ. ಒಳಗಿನ ಖೋಲಿಯಲ್ಲಿ ಕುಣಿಮಗ್ಗ ಬಡಿಯುತ್ತಿತ್ತು. ಖಟ್-ಖಟಾಕ್. ಖಟ್-ಖಟಾಕ್. ಮುತ್ತುವಿನ ಅಜ್ಜ ಮುದಿಯಪ್ಪ ಸೂರ್ಯ ಹುಟ್ಟುವ ಮೊದಲೇ ಕುಣಿಗೆ ಕಾಲು ಇಳಿಬಿಟ್ಟು ಕೂಡುತ್ತಾನಂತೆ, ಆ ಖೋಲಿಯೊಳಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲವಂತೆ. ನಮಗೆ ಬಾಗಿಲಷ್ಟೇ ಕಾಣುತ್ತಿತ್ತು, ಸಪ್ಪಳವಷ್ಟೇ ಕೇಳುತ್ತಿತ್ತು. ಮನೆಗೊಂದು ಎದೆ ಇದ್ದರೆ ಹೀಗೇ ಬಡಿದುಕೊಳ್ಳುತ್ತಿತ್ತೇನೋ.

ತಬಸ್ಸುಮಳದು ರೋಣದ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ. ಕೆಟ್ಟದ್ದನ್ನು ಸರಿಮಾಡುತ್ತಾಳೆ, ಕಳೆದದ್ದನ್ನು ಹುಡುಕುತ್ತಾಳೆ, ಮುಚ್ಚಿಟ್ಟದ್ದರ ವಾಸನೆ ಹಿಡಿಯುತ್ತಾಳೆ. ನಾನು ಕೇಬಲ್ ಇಂಟರ್ನೆಟ್ಟಿನ ಲೈನ್‌ಮನ್. ಓದಿದ್ದು ಬಿ.ಎ. ಅಂದರೆ ಬರೀ ಏಣಿ.

ನಾವು ಬಂದದ್ದು ಒಂದು ಊರಿನ ಬಾಗಿಲು ತೆಗೆಸಲು.

ಆ ಊರು ಮುತ್ತುವಿನ ಕಂಪ್ಯೂಟರಿನಲ್ಲಿದೆ. ಚೌಕ ಚೌಕ ಕಲ್ಲು, ಮಣ್ಣು, ಕಟ್ಟಿಗೆ ಪೇರಿಸಿ ಮನೆ ಕಟ್ಟುವ ಒಂದು ಆಟವಿದೆಯಲ್ಲ, ಹುಡುಗರು ಊಟ ಬಿಟ್ಟು ಆಡುತ್ತಾರಲ್ಲ, ಅದೇ. ಮುತ್ತು ಹಗಲು ಬೇರೆಯವರ ಮಗ್ಗದಲ್ಲಿ ಸೀರೆ ನೇಯುವವ. ಎರಡು ವರ್ಷದ ಹಿಂದೆ ತನ್ನ ಕಂಪ್ಯೂಟರನ್ನೇ ಆ ಆಟದ ಸರ್ವರ್ ಮಾಡಿ, ಅದರಲ್ಲಿ ಮಲಪ್ರಭೆ ಒಂದು ಮಳೆಗಾಲಕ್ಕೆ ಒಯ್ದುಬಿಟ್ಟ ಮೆಣಸಗಿಯ ಹೊಳಿ ಓಣಿಯನ್ನು ಕಟ್ಟತೊಡಗಿದ. ಅದು ಅವನ ತಾಯಿ ದ್ರಾಕ್ಷಾಯಣಿಯ ತವರು ಓಣಿ. ಅಲ್ಲಿಂದ ಚೆದುರಿದವರು ಸಂಜೆ ಎಲ್ಲೆಲ್ಲಿಂದಲೋ ಮೊಬೈಲ್ ಹಿಡಿದು ಒಳಗೆ ಬರುತ್ತಿದ್ದರು. ಒಬ್ಬರು ಕಟ್ಟೆ ಕಟ್ಟುತ್ತಿದ್ದರು, ಇನ್ನೊಬ್ಬರು “ಅಲ್ಲೊಂದು ಬೇವಿನ ಗಿಡ ಇತ್ತಲ್ಲೋ” ಅನ್ನುತ್ತಿದ್ದರು.

ಅವರೆಲ್ಲರ ಕಣ್ಣು ಒಬ್ಬನ ಮೇಲೆ. ಗೌಸುಸಾಬ, ಜಬೀನಳ ತಂದೆ, ಎಪ್ಪತ್ತೆಂಟು ವರ್ಷ. ಆ ಓಣಿಯ ಮೂವತ್ತೊಂದು ಮನೆಗಳ ಬಾಗಿಲನ್ನೂ ಕೆತ್ತಿ ಕೂಡಿಸಿದ ಬಡಿಗ. ಈಗ ಅವನಿಗೆ ಮರೆವಿನ ಬೇನೆ. ಉಂಡದ್ದು ನೆನಪಿರುವುದಿಲ್ಲ, ವಾರ ಯಾವುದು ಗೊತ್ತಿರುವುದಿಲ್ಲ. ಆದರೆ ಮೊಬೈಲಿನಲ್ಲಿ ಆ ಓಣಿಯೊಳಗೆ ನಡೆಸಿದರೆ ಸಾಕು: “ಈ ಬಾಗಲಾ ಎಡಕ್ಕ ತಗೀತಿತ್ತು. ಮ್ಯಾಲ ಏಳು ಕಮಲ. ಆರು ಅಲ್ಲ, ಏಳು.” ಒಂದು ಸಂಜೆಗೆ ಒಂದು ಬಾಗಿಲು. ಹದಿನಾಲ್ಕು ಮನೆ ಎದ್ದು ನಿಂತಿದ್ದವು. ತನ್ನ ಮನೆಯನ್ನು ಮಾತ್ರ ಕಟ್ಟಗೊಟ್ಟಿರಲಿಲ್ಲ. “ಆ ಬಾಗಲಾ ನಾ ಮತ್ತ ನನ್ನ ತಮ್ಮ ಜಂಗ್ಲಿ ಕೂಡಿ ಮಾಡಿದ್ದು. ಒಬ್ಬನ ಕಡಿಂದ ಆಗೂದಿಲ್ಲ,” ಅನ್ನುತ್ತಿದ್ದ. ಜಂಗ್ಲಿಸಾಬನನ್ನು ಓಣಿಯ ಜೊತೆಗೇ ಹೊಳೆ ಒಯ್ದಿತ್ತು. ಹೆಣವೂ ಸಿಕ್ಕಿರಲಿಲ್ಲ.

ನಾಲ್ಕು ದಿನದಿಂದ ಆ ಓಣಿ ಹೊರಗಿನವರಿಗೆ ಬಂದ್.

“ನಿನ್ನಿ ಸಂಜೀ ಮುಂದ ಅಬ್ಬಾ ನನ್ನ ಮುಖಾ ನೋಡಿ, ‘ಯಾರವ್ವಾ ನೀ?’ ಅಂದ್ರು,” ಎಂದು ಜಬೀನ ಬೆಳಿಗ್ಗೆ ಫೋನಿನಲ್ಲಿ ಹೇಳಿದಾಗ ಅವಳ ದನಿ ಒಣಗಿತ್ತು. “ಅವ್ರ ನೆನಪು ಪೂರಾ ಬಾಗಲಾ ಹಾಕ್ಕೊಳ್ಳೂದರಾಗ ಆ ಓಣಿ ತಗೀರಿ ಅಕ್ಕಾರ. ಹಾಕಿದಾಂವ ಆ ಮುತ್ತೂನಽ. ಬೇವಿನ ಗಿಡಾ ಬಲಕ್ಕಿತ್ತು ಅಂದಿದ್ದಕ್ಕ ನನ್ನ ಕೂಡ ಜಗಳಾಡಿದ್ದ.”

ತಬಸ್ಸುಮ ಆ ಮುತ್ತುವಿನ ಎದುರು ಈಗ ಕುರ್ಚಿ ಎಳೆದುಕೊಂಡು ಕೂತಳು.

“ಮುತ್ತು, ಪಟ್ಟಿ ಯಾವಾಗ ಹಾಕಿದಿ?”

“ಯಾವ ಪಟ್ಟಿ?”

“ಇಂಥಾವರಷ್ಟಽ ಒಳಗ ಬರಬೇಕು ಅನ್ನೂ ಪಟ್ಟಿ.”

ಮುತ್ತುವಿನ ಮುಖ ಕೆಂಪಾಯಿತು. ಇಪ್ಪತ್ತಾರರ ಹುಡುಗ, ಬೆರಳ ತುದಿಯಲ್ಲಿ ಹಸಿರು ಬಣ್ಣದ ಕಲೆ. “ನನ್ನ ಸರ್ವರಿಗೆ ಪಟ್ಟಿ ಇಲ್ರಿ! ಎರಡ ವರ್ಷದಿಂದ ಇಲ್ಲ. ಯಾರ ಬಂದ್ರೂ ಬರಲಿ ಅಂತ ತಗದಽ ಇಟ್ಟೇನಿ.”

“ಸರ್ವರಿಗೂ ಸರ್ವರ್,” ಅಂದೆ.

ಇಬ್ಬರೂ ನನ್ನ ಕಡೆ ನೋಡಿದರು. ನಾನು ಮೇಲ್ಛಾವಣಿಯ ಕಡೆ ನೋಡಿದೆ.

“ಜಬೀನ ಮ್ಯಾಲ ಸಿಟ್ಟಿತ್ತಲ್ಲ ನಿನಗ?”

“ಸಿಟ್ಟಿತ್ರಿ. ಆಮ್ಯಾಲ ಗೌಸಜ್ಜನ್ನ ಕೇಳಿದೆ. ಗಿಡಾ ಬಲಕ್ಕಽ ಇತ್ತಂತ. ರಾತ್ರೋ ರಾತ್ರಿ ಕಿತ್ತು ಬಲಕ್ಕ ಹಚ್ಚೇನಿ. ಬಂದು ನೋಡ್ರಿ ಬೇಕಾರ!”

ಅವನು ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಮೊದಲ ಸಲ ನಾನು ಆ ಓಣಿಯನ್ನು ಕಂಡೆ.

ತಮಾಷೆ ಮಾಡಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಚೌಕ ಚೌಕದ ಮಣ್ಣಿನ ದಾರಿ ಹೊಳೆಯ ಕಡೆ ಇಳಿದಿತ್ತು. ಒಂದು ಕಟ್ಟೆಯ ಮೇಲೆ ಯಾರೋ ಬೀಸುಕಲ್ಲು ಇಟ್ಟಿದ್ದರು. ಒಂದು ಬಾಗಿಲು ಉಳಿದವಕ್ಕಿಂತ ಗಿಡ್ಡ. “ಆ ಮನೀ ಯಜಮಾನ ಕುಳ್ಳ ಇದ್ನಂತರಿ,” ಅಂದ ಮುತ್ತು. ಬೇವಿನ ಗಿಡ ಬಲಕ್ಕಿತ್ತು. ನಡುನಡುವೆ ಹದಿನೇಳು ಖಾಲಿ ಜಾಗ, ಬಿದ್ದ ಹಲ್ಲುಗಳ ಹಾಗೆ. ಅವು ನರಗುಂದದ ಒಬ್ಬ ಮುದುಕನ ತಲೆಯಲ್ಲಿ ಮಾತ್ರ ಇದ್ದವು, ಅಲ್ಲಿಂದಲೂ ದಿನಕ್ಕಿಷ್ಟು ಜಾರುತ್ತಿದ್ದವು.

“ಒಳಗಿಂದ ಓಣಿ ಚಲೋ ಐತಿ. ಹೊರಗಿಂದ ಬರಾಕ ಆಗವಲ್ದು,” ಅಂದಳು ತಬಸ್ಸುಮ. “ಪರಶು, ಮೊದಲ ನಿನ್ನ ತನಿಖೆ.”

“ನಂದಾ?”

“ಲೈನ್ ನಿಂದಲಾ?”

ಲೈನಿನವರ ಹಣೆಬರಹವೇ ಇದು. ಹಾಲು ಕೆಟ್ಟರೂ ಇಂಟರ್ನೆಟ್ಟಿನವನನ್ನು ಬೈಯುತ್ತಾರೆ. ಕೆಲವು ಕಂಪನಿಗಳು ನೂರು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ನಿಲ್ಲಿಸುತ್ತವೆ. ಹಾಗಾದಾಗ ಹೊರಗಿನವರು ಬಡಿಯುವುದು ಯಾವ ಮನೆಯ ಬಾಗಿಲೋ ದೇವರಿಗೇ ಗೊತ್ತು. ನಮ್ಮ ಆಫೀಸಿನಲ್ಲಿ ನಾನು ಕೇಳಿದರೆ ಯಾರೂ ಹೇಳುವುದಿಲ್ಲ. ಅದಕ್ಕೇ ಫೋನ್ ಹಚ್ಚಿ, ಮೂಗು ಸ್ವಲ್ಪ ಒತ್ತಿ ಹಿಡಿದು, ನಮ್ಮ ಮ್ಯಾನೇಜರ್ ಸಾಹೇಬರಾದೆ.

“ಹಲೋಂ… ನಾಂನು ಮಾತಾಡೋದು. ಗಜೇಂದ್ರಗಡದ ಮುತ್ತೂನ ಲೈನು ಸ್ವಂತ ವಿಳಾಸದ ಮ್ಯಾಂಲ ಐತೋ, ಗುಂಪಿನಾಂಗ ಐತೋ? ಲಗೂ ಹೇಂಳು, ನಂಗ ಮೀಟಿಂಗ ಐತಿ.”

“ಸ್ವಂತದ್ರೀ ಸಾಹೇಬ್ರ! ಎರಡ ವರ್ಷದಿಂದ ಸ್ವಂತದಽ ಐತ್ರಿ!” ಅತ್ತ ಕಡೆಯ ಹುಡುಗ ನಿಂತೇ ಉತ್ತರ ಕೊಟ್ಟಿರಬೇಕು.

ತಬಸ್ಸುಮ ಅಷ್ಟಕ್ಕೇ ಬಿಡಲಿಲ್ಲ. ರೌಟರ್ ತನ್ನ ಹೊರವಿಳಾಸ ಯಾವುದೆಂದು ಹೇಳುತ್ತದೆ, ಹೊರಗಿನ ಲೋಕ ಅದನ್ನು ಯಾವುದೆಂದು ಕಾಣುತ್ತದೆ, ಎರಡನ್ನೂ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಹೊಂದಿಸಿದಳು. ಎರಡೂ ಒಂದೇ.

“ನೀ ನಿರ್ದೋಷಿ,” ಅಂದಳು.

“ನಮ್ಮವ್ವಗ ಫೋನ್ ಮಾಡಿ ಇದನ್ನ ಹೇಳ್ತೀಯೇನ?”

ಅವಳಾಗಲೇ ಗೋಡೆಯ ಹತ್ತಿರ ಹೋಗಿದ್ದಳು. ರೌಟರಿನ ಎದುರು ನಿಂತು, ಕೈ ಹಿಂದೆ ಕಟ್ಟಿಕೊಂಡು, ಚಿತ್ರ ಪ್ರದರ್ಶನಕ್ಕೆ ಬಂದವಳ ಹಾಗೆ ನೋಡುತ್ತಿದ್ದಳು. ರೌಟರಿನ ಹಣೆಗೆ ಮೂರು ಎಳೆ ವಿಭೂತಿ, ನಡುವೆ ಕುಂಕುಮ. ಎರಡು ಆಂಟೆನಾದ ನಡುವೆ ಒಣಗಿದ ಚೆಂಡುಹೂ. ನಾನು ಬಂದಾಗಲೇ ನೋಡಿ ನಕ್ಕಿದ್ದೆ: ಎರಡು ಕೈ ಎತ್ತಿ ನಿಂತ ಭಕ್ತನ ಹಾಗಿತ್ತು. ನಕ್ಕು ಮರೆತಿದ್ದೆ.

“ಈ ಕುಂಕುಮ ಯಾವಾಗ ಹಚ್ಚಿದ್ದು?”

“ಅಮಾಸಿ ದಿನಾರೀ ಯವ್ವಾ,” ಅಂತ ಅಡುಗೆಮನೆಯಿಂದ ಉತ್ತರ ಬಂತು. ದ್ರಾಕ್ಷಾಯಣಿ ಚಹಾದ ತಟ್ಟೆ ಹಿಡಿದು ಹೊರಬಂದಳು. ಎತ್ತರದ ಹೆಂಗಸು, ಹೆಗಲ ಮೇಲೆ ರೇಷ್ಮೆ ಎಳೆಯ ಲಡಿ. “ಅಮಾಸಿಗೆ ನಾವು ಮಗ್ಗಾ ಮುಟ್ಟೂದಿಲ್ಲ. ಲಾಳಿ, ಹಣಿಗಿ, ರಾಟಿ ಎಲ್ಲಾ ತೊಳದು, ಒರಿಸಿ, ಪೂಜಿ ಮಾಡ್ತೀವಿ. ದುಡಿಯೂ ಸಾಮಾನಿಗೆ ತಿಂಗಳಿಗೊಂದಿನ ಸೂಟಿ ಬ್ಯಾಡೇನ್ರಿ?”

“ಅಮಾಸಿ ಯಾವತ್ತಿತ್ತು?”

“ನಾಲ್ಕ್ ದಿನಾತು.”

ಚಹಾದ ಕಪ್ಪು ನನ್ನ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

“ಈ ರೌಟರಿಗೂ ಸೂಟಿ ಕೊಟ್ರೇನ್ರಿ?” ತಬಸ್ಸುಮಳ ದನಿ ಮೆಲ್ಲಗಾಯಿತು.

“ಮತ್ತ? ಕರೆಂಟ್ ಹರಿಯೂ ಸಾಮಾನಿಗೆ ಒದ್ದಿ ಅರಿವಿ ಮುಟ್ಟಿಸಬಾರ್ದಲಾ. ಎಲ್ಲಾ ಪಿನ್ನ ಕಿತ್ತು, ಒರಿಸಿ, ಸಂಜೀಕ ಹಾಕಿದೆ.”

“ದರಾ ಅಮಾಸಿಗೆ ಇದನ್ನೆಲ್ಲಾ ನಾನಽ ಮಾಡ್ತಿದ್ದೆರಿ,” ಅಂದ ಮುತ್ತು. “ಈ ಸಲ ದೋಸ್ತನ ಲಗ್ನಕ್ಕ ಬೆಳವಣಕಿಗೆ ಹೋಗಿದ್ದೆ. ಆದ್ರ ಪಿನ್ ಕಿತ್ತು ಹಾಕಿದ್ರ ಏನಾಗತೈತ್ರಿ? ನಾನೂ ಅದನ್ನಽ ಮಾಡ್ತಿದ್ನಲ್ಲ.”

“ನೀ ಮೊದಲ ಯಾವುದರ ಪಿನ್ ಹಾಕ್ತಿದ್ದಿ?”

“ರೌಟರಂದು. ಆಮ್ಯಾಲ ನನ್ನ ಕಂಪ್ಯೂಟರಂದು.”

ತಬಸ್ಸುಮ ದ್ರಾಕ್ಷಾಯಣಿಯ ಕಡೆ ತಿರುಗಿದಳು. “ನೀವು?”

“ನಾನು ಹಿರೇರಿಂದ ಸುರು ಮಾಡಿದೆ. ರೌಟರ್ ಆತಲಾ, ಆಮ್ಯಾಲ ನಮ್ಮ ಮಾವಾರ ಕಡೀದು. ಕಡೀಕ ಇವಂದು. ಹಿರೇರನ್ನ ಬಿಟ್ಟು ಮೊದಲ ಹುಡುಗರಿಗೆ ಯಾರರ ಹಚ್ಚತಾರೇನ್ರಿ ಕುಂಕುಮಾ?”

ತಬಸ್ಸುಮ ಕಣ್ಣು ಮುಚ್ಚಿದಳು. ಅವಳು ಹಾಗೆ ಮುಚ್ಚಿದರೆ ಒಳಗೆ ಏನೋ ಕೂಡಿಕೊಳ್ಳುತ್ತಿದೆ ಎಂದರ್ಥ. ನಾನು ಉಸಿರು ಬಿಡುವುದನ್ನೂ ಸಣ್ಣ ಮಾಡಿದೆ. ಖಟ್-ಖಟಾಕ್, ಅಂತು ಒಳಗಿನ ಮಗ್ಗ.

“ಮುತ್ತು, ರೌಟರಿನ ಒಳಗಿನ ಪುಟಾ ತಗಿ. ಹೊರಗಿನ ಮಂದೀನ್ನ ಎಲ್ಲಿ ಕಳಸ್ಬೇಕು ಅಂತ ನೀ ಬರದಿದ್ದೆಲಾ, ಅದನ್ನ ತೋರ್ಸು.”

ಮುತ್ತು ತೆಗೆದ. ಒಂದೇ ಸಾಲಿನ ಅಪ್ಪಣೆ: ಆಟದ ಬಾಗಿಲು ಬಡಿದು ಬಂದವರನ್ನೆಲ್ಲ ಐದನೇ ನಂಬರಿಗೆ ಕಳಿಸು. “ಪೋರ್ಟ್ ಫಾರ್ವರ್ಡ್ ಅಂತಾರ್ರೀ ಇದಕ್ಕ. ಐದು ಅಂದ್ರ ನನ್ನ ಕಂಪ್ಯೂಟರ್. ಎರಡ ವರ್ಷದ ಹಿಂದ ಬರದಿದ್ದು, ಒಂದ್ ಎಳೀನೂ ಮುಟ್ಟಿಲ್ಲ.”

“ನೀ ಮುಟ್ಟಿಲ್ಲ. ಈಗ ನಿನ್ನ ಕಂಪ್ಯೂಟರಿನ ನಂಬರ್ ನೋಡು.”

ಅವನು ನೋಡಿದ. ಮತ್ತೊಮ್ಮೆ ನೋಡಿದ. “ಆರು,” ಅಂದ. ಅವನ ದನಿ ಮಗ್ಗದ ಸಪ್ಪಳದಲ್ಲಿ ಮುಳುಗಿಹೋಯಿತು.

“ಈ ರೌಟರ್ ಪಿನ್ ಕಿತ್ತರ ಎಲ್ಲಾ ಮರೀತೈತಿ. ಮತ್ತ ಹಚ್ಚಿದಾಗ ಬಂದವರಿಗೆ ಬಂದ ಸಾಲಿನಾಗ ನಂಬರ್ ಕೊಡತೈತಿ. ಸಾಲು ಐದರಿಂದ ಸುರು. ನೀ ಹಚ್ಚಿದಾಗೆಲ್ಲಾ ನೀನಽ ಮೊದಲು, ಅದಕ್ಕ ಐದು ನಿಂದು. ನಿಮ್ಮವ್ವಾರು ಹಚ್ಚಿದಾಗ ನೀ ಎರಡನೇದಾಂವ. ಸೀರಿ ಎಳಿಗೆ ಸೆರಗಿನ ಎಳಿ ಕೂಡಿಸ್ತೀರಲಾ, ಒಂದಕ್ಕೊಂದು? ನಡುವ ಒಂದ್ ಎಳಿ ಸರದ್ರ?”

“ಪೂರಾ ಸೆರಗು ಬ್ಯಾರೆ ಸೀರಿಗೆ ಹೋಗತೈತಿ,” ಅಂದಳು ದ್ರಾಕ್ಷಾಯಣಿ. ಆಮೇಲೆ ಕೆನ್ನೆಗೆ ಕೈ ಹಚ್ಚಿಕೊಂಡಳು. “ಯವ್ವಾ, ನಾನಽ ಮುಚ್ಚಿದ್ನೇನಽ ನನ್ನ ತವರಿನ ಬಾಗಲಾ?”

ಒಂದು ಚುಕ್ಕೆ ಕುಂಕುಮ, ಒಂದು ಹಿರಿತನದ ಲೆಕ್ಕ, ನರಗುಂದದಲ್ಲಿ ಒಬ್ಬ ತಂದೆ ಮಗಳನ್ನು ಮರೆಯುತ್ತಾನೆ.

ಮುತ್ತುವಿಗೆ ಮಾತ್ರ ಹಿಗ್ಗು. “ಹಂಗಾರ ಐದು ಅಳಿಸಿ ಆರು ಬರದ್ರ ಮುಗೀತ್ರಿ! ಗೌಸಜ್ಜ ಈಗಿಂದೀಗ ಒಳಗ ಬರಬಹುದು!”

ಅವನ ಬೆರಳು ಕೀಲಿಯ ಮೇಲೆ ಇಳಿಯುವಷ್ಟರಲ್ಲಿ ತಬಸ್ಸುಮ ಅವನ ಮಣಿಕಟ್ಟು ಹಿಡಿದಳು.

“ತಡಿ. ಐದರಾಗ ಯಾರೂ ಇಲ್ಲಂದ್ರ, ಜಬೀನ ಬಾಗಲಾ ಬಡದಾಗ ಏನ್ ಕೇಳಬೇಕಿತ್ತು?”

“ಏನಿಲ್ಲ. ಸುಮ್ನ ಕಾಯ್ದು ಕಾಯ್ದು ಬಂದ್ ಆಗಬೇಕಿತ್ತು.”

“ಟಿವಿನೋ ಮೊಬೈಲೋ ಇದ್ರ?”

“ಇಂಥಾ ಬಾಗಲಾನಽ ಇಲ್ಲಿಲ್ಲ ಅಂತಿತ್ತು.”

“ಇದು ಏನಂತು?”

ನಾವು ಮೂವರೂ ಆ ಫೋಟೋವನ್ನು ನೋಡಿದೆವು. ಮೊದಲ ಸಲ ಓದಿದೆವು.

‘ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ.’

“ಇಂಥಾ ಮಾತು ಆಟದ ಸರ್ವರ್ ಒಂದಽ ಆಡತೈತಿ,” ಅಂದಳು ತಬಸ್ಸುಮ. “ನಿನ್ನ ಸರ್ವರಿಗೆ ಪಟ್ಟಿ ಇಲ್ಲ. ಹಂಗಾರ ಈ ಮನ್ಯಾಗ ಇನ್ನೊಂದು ಸರ್ವರ್ ಐತಿ. ಅದಕ್ಕ ಪಟ್ಟಿ ಐತಿ.”

ಮುತ್ತು ಪಡಸಾಲೆಯ ಸುತ್ತ ಕಣ್ಣಾಡಿಸಿದ.

“ನನ್ನ ಹತ್ರ ಇರೂದು ಒಂದಽ ಕಂಪ್ಯೂಟರ್ರಿ,” ಅಂದ ಮುತ್ತು.

“ಅಮ್ಮಾರ, ಅಮಾಸಿ ದಿನ ಎಷ್ಟು ಪೆಟಿಗಿಗೆ ಕುಂಕುಮಾ ಹಚ್ಚಿದ್ರಿ?”

“ಮೂರಕ್ಕ,” ಅಂದಳು ದ್ರಾಕ್ಷಾಯಣಿ, ಬೆರಳು ಮಡಚುತ್ತ. “ಗ್ವಾಡಿ ಮ್ಯಾಲಿಂದೊಂದು. ಇವನ ಕಂಪ್ಯೂಟರ್ ಒಂದು. ಮಗ್ಗದ ಖೋಲಿ ಬಾಗಲಾ ಮ್ಯಾಲಿನ ಮಾಡದಾಗ ಇರೂ ಕರೇದೊಂದು.”

“ಯಾವ ಕರೇದು?” ಮುತ್ತು ಎದ್ದು ನಿಂತ.

“ನೀ ಇಟ್ಟಿದ್ದಲ್ಲೇನೋ ಅದು? ನಿಮ್ಮಜ್ಜಗ ಫೋನ್ ಎತ್ತಾಕೂ ಬರೂದಿಲ್ಲ. ನಿಂದಽ ಅಂತ ತಿಳಕೊಂಡಿದ್ನೆಪಾ!”

ನನ್ನ ಏಣಿ ಕೊನೆಗೂ ಕೆಲಸಕ್ಕೆ ಬಂತು. ಮಗ್ಗದ ಖೋಲಿಯ ಬಾಗಿಲನ್ನು ಚಿಲಕ ಹಾಕದೆ ಬರೀ ಮುಂದೆ ಮಾಡಿತ್ತು, ಒಳಗೆ ಖಟ್-ಖಟಾಕ್ ನಡೆದೇ ಇತ್ತು. ಬಾಗಿಲ ಮೇಲಿನ ಗೂಡಿನಲ್ಲಿ ದಾರದ ಲಡಿಗಳ ರಾಶಿ. ಅವನ್ನು ಸರಿಸಿದೆ. ಊಟದ ಡಬ್ಬಿಯಷ್ಟು ದೊಡ್ಡ ಕರಿ ಪೆಟ್ಟಿಗೆ. ಅದಕ್ಕೆ ಪರದೆ ಇಲ್ಲ, ಕೀಲಿಗಳಿಲ್ಲ. ಹಣೆಗೆ ಕುಂಕುಮ. ಬೆಚ್ಚಗೆ ಉಸಿರಾಡುತ್ತಿತ್ತು.

“ಅಜ್ಜನ್ನ ಕೇಳೂಣೇನ್ರಿ?” ಮುತ್ತು ಪಿಸುಗುಟ್ಟಿದ.

“ಕೇಳಿದ್ರ ಪೆಟಿಗಿ ಬಂದ್ ಆಗಬಹುದು. ಮೊದಲ ಒಳಗೇನೈತಿ ನೋಡೂಣು.”

ವೈರು ಕೀಳದ ಹಾಗೆ ಪೆಟ್ಟಿಗೆಯನ್ನು ಕೆಳಗಿಳಿಸಿ, ಮುತ್ತುವಿನ ಪರದೆಯ ಕೇಬಲನ್ನು ತಂದು ಅದಕ್ಕೆ ಸಿಕ್ಕಿಸಿದೆವು. ಕರಿ ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು. ತಬಸ್ಸುಮ ಒಂದೊಂದೇ ಕಡತ ತೆಗೆಯುತ್ತ ಹೋದಳು. ಅದೇ ಆಟ, ಅದೇ ಬಾಗಿಲು. ಶುರುವಾದ ತಾರೀಖು ಒಂದೂವರೆ ವರ್ಷದ ಹಿಂದಿನದು. ಅಷ್ಟು ದಿನದಲ್ಲಿ ಹೊರಗಿನಿಂದ ಒಳಗೆ ಬಂದವರು ಯಾರೂ ಇಲ್ಲ, ಯಾಕೆಂದರೆ ಹೊರಗಿನಿಂದ ಅಲ್ಲಿಗೆ ದಾರಿಯೇ ಇರಲಿಲ್ಲ. ಅಮಾವಾಸ್ಯೆಯ ಸಂಜೆ, ತಾನಾಗಿಯೇ, ದಾರಿ ತೆರೆದುಕೊಂಡಿತ್ತು.

“ಪಟ್ಟಿ ಸಿಕ್ತು,” ಅಂದಳು.

ಪಟ್ಟಿಯಲ್ಲಿ ಒಂದೇ ಹೆಸರು. ‘ಗೌಸು.’

ಲೋಕದ ಎಲ್ಲರಿಗೂ ಇಲ್ಲ ಅನ್ನುವ ಬಾಗಿಲು, ಒಬ್ಬನಿಗೆ ಮಾತ್ರ ಹೌದು ಅನ್ನುತ್ತ, ಆ ಒಬ್ಬ ಬರುವ ದಾರಿಯೇ ಇಲ್ಲದ ಕಡೆ, ಒಂದೂವರೆ ವರ್ಷ ಎಚ್ಚರವಾಗಿ ನಿಂತಿತ್ತು.

“ಜಬೀನ ತನ್ನ ಹೆಸರಿಲೆ ಬರ್ತಿದ್ದಳು,” ಅಂದ ಮುತ್ತು ನಿಧಾನ. “ಗೌಸಜ್ಜನ ಹೆಸರಿಲೆ ಬಂದಿದ್ರ…”

ತಬಸ್ಸುಮ ಆಗಲೇ ನರಗುಂದಕ್ಕೆ ವಿಡಿಯೋ ಕಾಲ್ ಹಚ್ಚಿದ್ದಳು.

ಜಬೀನಳ ಮುಖ ಬಂತು, ಹಿಂದೆ ಮಂಚದ ಮೇಲೆ ಬಿಳಿ ಗಡ್ಡದ ಗೌಸುಸಾಬ. ಕೈಯಲ್ಲಿ ಏನೂ ಇಲ್ಲದೆ ಬೆರಳುಗಳು ಮಾತ್ರ ಯಾವುದೋ ಕಟ್ಟಿಗೆಯನ್ನು ಸವರುತ್ತಿದ್ದವು.

“ಆಟದಾಗ ಹೆಸರು ಬದಲ್ ಮಾಡವಾ. ಗೌಸು ಅಂತ ಬರಿ. ಅಷ್ಟಽ.”

“ಆಮ್ಯಾಲ?”

“ಬಾಗಲಾ ಬಡಿ.”

ಜಬೀನ ಒಂದು ಫೋನಿನ ಕ್ಯಾಮೆರಾವನ್ನು ಇನ್ನೊಂದರ ಪರದೆಗೆ ಹಿಡಿದಳು. ಕರಿ ಪರದೆ. ತಿರುಗುವ ಚಕ್ರ. ಆಮೇಲೆ ಬೆಳಕು.

ಮಣ್ಣಿನ ದಾರಿ ಹೊಳೆಯ ಕಡೆ ಇಳಿದಿತ್ತು. ಅದೇ ಓಣಿ. ಆದರೆ ಬಿದ್ದ ಹಲ್ಲುಗಳಿರಲಿಲ್ಲ. ಮೂವತ್ತೊಂದು ಮನೆಗಳೂ ನಿಂತಿದ್ದವು. ಒಂದೊಂದು ಬಾಗಿಲೂ ಬೇರೆ. ಎಣ್ಣೆ ದೀಪದ ಗೂಡುಗಳು, ಕಟ್ಟೆಯ ಮೇಲೆ ಸವೆದ ಜಾಗ, ಸೂರಿನ ಕೆಳಗೆ ಗುಬ್ಬಿಗೆಂದು ಬಿಟ್ಟ ತೂತು. ಹೊಳೆಯ ನೀರು ದೂರದಲ್ಲಿ, ತನ್ನ ಹದ್ದಿನಲ್ಲಿ, ತಣ್ಣಗೆ ಹರಿಯುತ್ತಿತ್ತು.

“ಯವ್ವಾ, ನಮ್ಮನಿ,” ಅಂದಳು ದ್ರಾಕ್ಷಾಯಣಿ. ಅವಳ ತವರು ಮನೆ ಮುತ್ತುವಿನ ಓಣಿಯಲ್ಲಿ ಇನ್ನೂ ಖಾಲಿ ಜಾಗವಾಗಿತ್ತು. ಇಲ್ಲಿ ಅದರ ಹೊಸ್ತಿಲಿಗೆ ಹಳದಿ ಬಣ್ಣವಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗೌಸುಸಾಬ ಮಂಚದಿಂದ ಮುಂದಕ್ಕೆ ಬಾಗಿದ್ದ. “ಬಲಕ್ಕ ನಡಿ,” ಅಂದ. ಮಗಳು ನಡೆಸಿದಳು. “ಬೇವಿನ ಗಿಡಾ ದಾಟು. ಇನ್ನೂ. ಇನ್ನೂ. ನಿಂದರು.”

ಅಲ್ಲಿ ಅವನ ಮನೆ ಇತ್ತು.

ಬಾಗಿಲ ತುಂಬ ಕೆತ್ತನೆ, ಚೌಕ ಚೌಕದಲ್ಲೇ ಆದರೂ ಕೆತ್ತನೆ. ನಡುವೆ ಒಂದು ನವಿಲು. ಗರಿ ಬಿಚ್ಚಿತ್ತು, ಕಾಲು ಎತ್ತಿತ್ತು. ಕೊಕ್ಕು ಮಾತ್ರ ಅರ್ಧ ಮುರಿದಿತ್ತು.

“ಕೊಕ್ಕ ಮರತಾರ ನೋಡ್ರಿ,” ಅಂದ ಮುತ್ತು.

“ಮರತಿಲ್ಲ!” ಗೌಸುಸಾಬನ ದನಿಗೆ ಫೋನೇ ನಡುಗಿತು. “ಉಳಿ ಜಾರಿ ಮುರದಿತ್ತದು. ನನಗ ಹದಿನಾರು, ಜಂಗ್ಲಿಗೆ ಹನ್ನೆರಡು. ನಾವಿಬ್ಬರಽ ಇದ್ವಿ. ಯಾರು ಮುರದ್ರು ಅಂತ ನಮ್ಮಿಬ್ಬರನ್ನ ಬಿಟ್ರ ಯಾರಿಗೂ ಗೊತ್ತಿಲ್ಲ.”

ಪರದೆಯ ಮೇಲಿನ ಆ ಬಾಗಿಲು ತೆರೆಯಿತು.

ಜಬೀನ ಅದನ್ನು ಮುಟ್ಟಿರಲಿಲ್ಲ. ಒಳಗಿನಿಂದ ತೆರೆಯಿತು. ಹೊಸ್ತಿಲ ಮೇಲೆ ಒಂದು ಚೌಕ ತಲೆಯ ಆಕೃತಿ ಬಂದು ನಿಂತಿತು, ಕೈಯಲ್ಲಿ ದೀಪ. ಪರದೆಯ ಕೆಳಗೆ ಅಕ್ಷರಗಳು ಒಂದೊಂದಾಗಿ, ತಡವರಿಸುತ್ತ ಮೂಡಿದವು. ಟೈಪು ಮಾಡಿ ರೂಢಿ ಇಲ್ಲದ ಬೆರಳು.

‘ಅಣ್ಣಾ ಕೊಕ್ಕ ಮುರದಾಂವ ನೀ. ಅಬ್ಬಾನ ಕೈಲೆ ಬಡಿಸಿಕೊಂಡಾಂವ ನಾ.’

ಜಬೀನ ಗಟ್ಟಿಯಾಗಿ ಓದಿದಳು. ಓದುತ್ತ ಓದುತ್ತ ಅವಳ ದನಿ ಹಾರಿಹೋಯಿತು.

ಗೌಸುಸಾಬ ಅಳಲಿಲ್ಲ. ಬೆಚ್ಚಲೂ ಇಲ್ಲ. ಸಂಜೆ ಕೆಲಸ ಮುಗಿಸಿ ಬಂದ ತಮ್ಮನನ್ನು ಕೇಳುವ ಹಾಗೆ ಕೇಳಿದ: “ಜಂಗ್ಲೀ, ಊಟಾ ಮಾಡಿದೇನೋ?” ಆಮೇಲೆ ಪಕ್ಕಕ್ಕೆ ತಿರುಗಿ, ಪೂರ್ತಿ ತಿಳಿಯಾದ ಕಣ್ಣಿನಿಂದ, “ಜಬೀನಾ, ನಿಮ್ಮ ಚಾಚಾ ಬಂದಾನ. ಚಾ ಇಡವಾ,” ಅಂದ.

ಹೆಸರು ಹಿಡಿದು ಕರೆದಿದ್ದ. ಜಬೀನ ಫೋನನ್ನು ಎದೆಗೆ ಒತ್ತಿಕೊಂಡಳು, ನಮಗೆ ಕತ್ತಲೆ ಕಂಡಿತು, ಕತ್ತಲೆಯಲ್ಲಿ ಅವಳ ಬಿಕ್ಕು ಕೇಳಿಸಿತು.

ನಾನು ಕಣ್ಣೊರೆಸಿಕೊಂಡೆ. ಏನಾದರೂ ಹಗುರ ಮಾತು ಆಡಲೆಂದು ತಬಸ್ಸುಮಳ ಕಡೆ ತಿರುಗಿದೆ. ಅವಳು ನಮ್ಮ ಯಾರ ಕಡೆಯೂ ನೋಡುತ್ತಿರಲಿಲ್ಲ. ಕರಿ ಪೆಟ್ಟಿಗೆಯ ಪರದೆಯನ್ನು ನೋಡುತ್ತಿದ್ದಳು. ಅಲ್ಲಿ ಎರಡು ಹೊಸ ಸಾಲು ಬಂದಿದ್ದವು. ಯಾರು ಒಳಗೆ ಬಂದರು, ಎಲ್ಲಿಂದ ಬಂದರು.

“ಗೌಸು ಬಂದಿದ್ದು ಹೊರಗಿನ ವಿಳಾಸದಿಂದ,” ಅಂದಳು. “ಇನ್ನೊಬ್ಬರು ಈ ಸರ್ವರಿನ ಮಾಲಕರು, ಅವರಿಗೆ ಪಟ್ಟಿ ಬೇಕಾಗಿಲ್ಲ. ಅವರು ಹೊರಗಿಂದ ಬಂದಿಲ್ಲ. ಈ ರೌಟರ್ ಕೊಟ್ಟ ನಂಬರಿನಿಂದಽ ಬಂದಾರ. ಎಂಟು.”

“ಅಂದ್ರ?”

“ಈಗ, ಈ ಗಳಿಗಿ, ಈ ಮನ್ಯಾಗ ಅದಾರ.”

ಮುತ್ತುವಿನ ಫೋನ್ ಮೇಜಿನ ಮೇಲಿತ್ತು. ದ್ರಾಕ್ಷಾಯಣಿಯ ಕೈಗಳು ಬಾಯಿಯ ಮೇಲಿದ್ದವು. ನನ್ನ ಕೈಯಲ್ಲಿ ಏಣಿ.

ತಬಸ್ಸುಮ ಒಂದು ಬೆರಳು ಎತ್ತಿದಳು. “ಕೇಳ್ರಿ.”

“ಏನೂ ಕೇಳಸವಲ್ದಲಾ,” ಅಂದೆ.

“ಹೌದು. ಯಾವಾಗ ನಿಂತಿತು?”

ಮಗ್ಗ. ಬೆಳಗಿನಿಂದ ಬಡಿಯುತ್ತಿದ್ದ ಮಗ್ಗ ಸುಮ್ಮನಾಗಿತ್ತು. ಅಷ್ಟು ಹೊತ್ತು ಕೇಳಿದ್ದರಿಂದಲೇ ನಿಂತದ್ದು ಗೊತ್ತಾಗಿರಲಿಲ್ಲ.

“ಅಜ್ಜಾ?” ಎಂದು ಮುತ್ತು ಬಾಗಿಲು ತಳ್ಳಿದ. ಬರೀ ಮುಂದೆ ಮಾಡಿದ್ದ ಬಾಗಿಲಿಗೆ ಈಗ ಒಳಗಿನಿಂದ ಚಿಲಕ ಬಿದ್ದಿತ್ತು. “ಅಜ್ಜಾ, ಬಾಗಲಾ ತಗಿ! ಅಜ್ಜಾ!”

ಆಗ ನಮ್ಮ ಬೆನ್ನ ಹಿಂದೆ, ಓಣಿಯ ಕಡೆಯ ಬಾಗಿಲಲ್ಲಿ, ಚಪ್ಪಲಿ ಬಿಡುವ ಸಪ್ಪಳವಾಯಿತು.

ಹೆಗಲ ಮೇಲೆ ದಾರದ ಗಂಟು, ಧೂಳು ಹಿಡಿದ ಧೋತರ, ಪುರ್ತಗೇರಿಯ ಬಸ್ಸಿಳಿದು ನಡೆದು ಬಂದ ಬೆವರು. ದ್ರಾಕ್ಷಾಯಣಿ ಬಾಯಿಯ ಮೇಲಿನ ಕೈ ತೆಗೆದಳು.

“ಮಾವಾರ… ನೀವು ಹೊರಗಿದ್ರ, ಮುಂಜಾನಿಂದ ಒಳಗ ನೇಯಾಕತ್ತಾಂವ ಯಾರ್ರೀ?”

ಮುದಿಯಪ್ಪ ಚಿಲಕ ಬಿದ್ದ ಬಾಗಿಲನ್ನು ನೋಡಿದ. ಗೂಡಿನಿಂದ ಕೆಳಗಿಳಿದ ಕರಿ ಪೆಟ್ಟಿಗೆಯನ್ನು ನೋಡಿದ. ನಮ್ಮ ಫೋನಿನಿಂದ ಗೌಸುಸಾಬ ಇನ್ನೂ “ಜಂಗ್ಲೀ, ಜಂಗ್ಲೀ” ಅನ್ನುತ್ತಿದ್ದುದನ್ನು ಕೇಳಿಸಿಕೊಂಡ. ದಾರದ ಗಂಟನ್ನು ಮೆಲ್ಲಗೆ ನೆಲಕ್ಕಿಟ್ಟ.

“ಅಂವ ಇಲ್ಲಿ ಅದಾನಂತ ನಿಮಗ ಯಾರ್ ಹೇಳಿದ್ರು?” ಅಂದ.